ನಾಲ್ಕು ಪಾಲಿನ ಮೀನು

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನನಗೊಂದು ಕೆಲಸ ಸಿಕ್ಕಿತು, ಬಡತನ ಅಳೆಯುವ ಕೆಲಸ. ಮದ್ರಾಸಿನ ನಮ್ಮ ಸಂಸ್ಥೆ, ಊರಾಚೆಯ ಒಂದು ಕಾಲೇಜು, ಹೊರದೇಶದ ಒಂದು ವಿಶ್ವವಿದ್ಯಾಲಯ, ಮೂರೂ ಸೇರಿ ನಡೆಸುತ್ತಿದ್ದ ಸಂಶೋಧನೆಗೆ ಆ ದೇಶದ್ದೇ ಒಂದು ಟ್ರಸ್ಟು ಅನುದಾನ ಕೊಟ್ಟಿತ್ತು. ಕಾಸಿಮೇಡಿನ ಕಡಲ ದಂಡೆಯಿಂದ ಮೀನು ಹೊತ್ತು ಮಾರುವ ಹೆಂಗಸರನ್ನು ನಾವು ವಿಚಾರಿಸಬೇಕು, ತಾಂಬರಂ ಆಚೆಯಿಂದ ಸೊಪ್ಪು ಹೊತ್ತು ತರುವವರನ್ನು ಕಾಲೇಜಿನವರು. ಇಬ್ಬರಲ್ಲಿ ಹೆಚ್ಚು ಬಡವರು ಯಾರೋ ಅವರಿಗೆ ಸಾಮಾನು ಸಾಗಿಸಲು ಒಂದು ವ್ಯಾನು ಸಿಗುತ್ತಿತ್ತು. ಬಡವರಿಗೆ ಬಡವರನ್ನೇ ಎದುರಾಳಿ ಮಾಡುವ ಈ ಏರ್ಪಾಡಿನಲ್ಲಿ ಕ್ರೌರ್ಯವಿದೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಅಂಕಿ ಸರಿಯಿದ್ದರೆ ನ್ಯಾಯ ತಾನಾಗಿ ಹಿಂದೆ ಬರುತ್ತದೆ ಎಂದು ನಂಬಿದ್ದೆ.

ಮೀನಿನ ಬುಟ್ಟಿ ಕಂಡರೆ ಬಸ್ಸಿನವರು ನಿಲ್ಲಿಸುತ್ತಿರಲಿಲ್ಲ. ನಾನು ಮಾತಾಡಿಸುತ್ತಿದ್ದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ತಿರುವೊಟ್ಟಿಯೂರಿನವರೆಗೂ ನಡೆದೇ ಹೋಗುತ್ತಿದ್ದಳು. ಮೊಣಕಾಲು ಬಾತು ಗುಂಡಗಾಗಿತ್ತು. ನನ್ನನ್ನು ಕಂಡಾಗಲೆಲ್ಲ ತಮಿಳಿನಲ್ಲಿ ಅದೇ ಪ್ರಶ್ನೆ: "ಏಮ್ಮಾ, ವ್ಯಾನು ಯಾವಾಗ ಬರುತ್ತೆ?" ಬರುತ್ತದೆ ಎನ್ನುತ್ತಿದ್ದೆ. ಹಾಗೆ ಹೇಳುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ನಮ್ಮದು ತಾಂಬರಂನ ರೈಲ್ವೆ ಕ್ವಾರ್ಟರ್ಸು, ಮೊಟ್ಟೆಯನ್ನೂ ಮುಟ್ಟದ ಮನೆ. ಸಂಜೆ ನಾನು ಮೆಟ್ಟಿಲು ಹತ್ತುವ ಮೊದಲೇ ಅಮ್ಮನ ಕೂಗು ಕೇಳುತ್ತಿತ್ತು: "ಆ ನಾತ ಹೊತ್ಕೊಂಡು ಒಳಗೆ ಬರ್ಬೇಡ್ವೇ, ಹಿತ್ಲಿಂದ ಬಂದು ಮೊದ್ಲು ಸ್ನಾನ ಮಾಡು." ಬೆಳಕು ಹರಿಯುವ ಮೊದಲು ಆ ಹೆಂಗಸರು ಮೀನು ಕೊಳ್ಳುವ ಹರಾಜಿಗೆ ಹೋಗುವುದಂತೂ ದೂರದ ಮಾತು. ನನಗೂ ಮನಸ್ಸಿರಲಿಲ್ಲ, ಅಮ್ಮನ ನೆಪ ಸಿಕ್ಕಿದ್ದು ಒಳ್ಳೆಯದೇ ಆಯಿತು. ಹಾಗಾಗಿ ಮಧ್ಯಾಹ್ನ ಅವರ ಗುಡಿಸಲುಗಳ ಮುಂದೆ ಕೂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೇಳುತ್ತಿದ್ದೆ: ಇವತ್ತು ಹರಾಜಿನಲ್ಲಿ ಎಷ್ಟು ಹಿಡಿದಿರಿ? ನಾಲ್ಕು ಬುಟ್ಟಿ ಎನ್ನುತ್ತಿದ್ದರು. ಪಕ್ಕದ ಗುಡಿಸಲಿನಲ್ಲೂ ನಾಲ್ಕು ಬುಟ್ಟಿ. ಬರೆದುಕೊಂಡೆ. ಬಡವರೆಂದರೂ ಇವರ ವ್ಯಾಪಾರ ಪರವಾಗಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ನೆನಪಿದೆ.

ವರದಿ ಹೋದ ಕೆಲವು ವಾರಗಳಿಗೆ ಹೊರದೇಶದ ಪ್ರೊಫೆಸರು ಬಂದರು, ಹರಾಜು ನೋಡಬೇಕೆಂದರು. ಅಮ್ಮ ಈ ಸಲ ಬೇಡವೆನ್ನುವಂತಿರಲಿಲ್ಲ. ಬೆಳಗಿನ ಮೊದಲ ಎಲೆಕ್ಟ್ರಿಕ್ ಟ್ರೇನು ಹಿಡಿದು ಹೋದೆ. ಅಜ್ಜಿ ಇನ್ನೂ ಮೂವರ ಜೊತೆ ಹರಾಜಿನಲ್ಲಿ ಒಂದು ರಾಶಿ ಮೀನು ಹಿಡಿದಳು. ಇಡೀ ರಾಶಿಯನ್ನು ಒಬ್ಬಳೇ ಕೊಳ್ಳುವಷ್ಟು ಶಕ್ತಿ ಅವರಲ್ಲಿ ಯಾರಿಗೂ ಇರಲಿಲ್ಲ. ರಾಶಿಯನ್ನು ಮರಳಿನ ಮೇಲೆ ನಾಲ್ಕು ಪಾಲು ಮಾಡಿದರು. ಅಜ್ಜಿ ಬೆನ್ನು ತಿರುಗಿಸಿ ಕೂತಳು. ಇನ್ನೊಬ್ಬಳು ಒಂದು ಪಾಲನ್ನು ಮುಟ್ಟಿ "ಇದು ಯಾರಿಗೆ?" ಎಂದಳು, ಅಜ್ಜಿ ನೋಡದೆಯೇ ಒಬ್ಬಳ ಹೆಸರು ಹೇಳಿದಳು. ಮೋಸಕ್ಕೆ ಜಾಗವೇ ಇಲ್ಲದ ಹಂಚಿಕೆ. ಒಬ್ಬೊಬ್ಬಳಿಗೂ ಬಂದದ್ದು ಒಂದೊಂದು ಬುಟ್ಟಿ.

ಪ್ರೊಫೆಸರು ಖುಷಿಯಿಂದ ಫೋಟೋ ತೆಗೆಯುತ್ತಿದ್ದರು. ನಾನು ಬುಟ್ಟಿಗಳನ್ನು ಮತ್ತೊಮ್ಮೆ ಎಣಿಸಿದೆ. ನಾಲ್ವರೂ ಹೇಳಿದ್ದು ಆ ಒಂದೇ ರಾಶಿಯ ಲೆಕ್ಕವನ್ನು. ನಾನು ನಾಲ್ಕು ಕಾಗದಗಳಲ್ಲಿ ನಾಲ್ಕು ಸಲ ಬರೆದಿದ್ದೆ, ಇವರನ್ನು ಇದ್ದದ್ದಕ್ಕಿಂತ ನಾಲ್ಕು ಪಟ್ಟು ಉಳ್ಳವರನ್ನಾಗಿ ಮಾಡಿದ್ದೆ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋದರೆ ಎಂಬ ಭಯ. ಅಪ್ಪ ರಿಟೈರಾಗಿದ್ದರು, ಕ್ವಾರ್ಟರ್ಸು ಬಿಡುವ ಹೊತ್ತು ಹತ್ತಿರ ಬಂದಿತ್ತು. ಇವೆಲ್ಲ ನಿಜ, ಆದರೂ ಒಂಬತ್ತು ದಿನ ಬಾಯಿ ಹೊಲಿದುಕೊಂಡದ್ದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹತ್ತನೆಯ ದಿನ ನಮ್ಮ ಮುಖ್ಯಸ್ಥೆಯ ಮುಂದೆ ನಿಂತು ಹೇಳಿದೆ. ಧಾರವಾಡದ ಕಡೆಯವರು, ಸಿಟ್ಟು ಬಂದಾಗ ದನಿ ಇಳಿಸುವವರು.

"ಹಂಗಾದ್ರ ಒಂದು ದಿವಸಾನೂ ನೀ ಹರಾಜಿಗೆ ಹೋಗೇ ಇರಲಿಲ್ಲೇನು?"

"ಇಲ್ಲ ಮೇಡಂ."

"ಮೊನ್ನೆ ಹೇಳಿದ್ರೂ ನಡೀತಿತ್ತು. ನಿನ್ನೆ ಟ್ರಸ್ಟಿನ ಕಮಿಟಿ ಕೂತಿತ್ತು. ವ್ಯಾನು ಸೊಪ್ಪಿನವರಿಗೆ ಅಂತ ಠರಾವಾಗೇತಿ."

ತಪ್ಪು ಸಂಸ್ಥೆಯದೆಂದು ಅವರೇ ಸಹಿ ಹಾಕಿ ತಿದ್ದುಪಡಿ ಬರೆದರು. ತಿದ್ದುಪಡಿಯನ್ನು ಗಮನಿಸಲಾಗಿದೆ, ನಿರ್ಧಾರದಲ್ಲಿ ಬದಲಾವಣೆಯಿಲ್ಲ ಎಂದು ಉತ್ತರ ಬಂತು. ಸೊಪ್ಪಿನವರಿಗೆ ವ್ಯಾನು ಸಿಕ್ಕಿದ್ದು ಅನ್ಯಾಯವೆಂದು ನಾನು ಹೇಳಲಾರೆ. ಅವರ ನೆತ್ತಿಯೂ ಸವೆದಿತ್ತು.

ಅಜ್ಜಿಗೆ ನಾನೇ ಹೇಳುತ್ತೇನೆಂದು ಹೊರಟೆ. ಹರಾಜಿನ ಹೊತ್ತಿಗೇ ಹೋದೆ. ಪಾಲು ಮುಗಿದು ಅವಳು ಬಟ್ಟೆಯ ಸಿಂಬಿ ಸುತ್ತುತ್ತಿದ್ದಳು. ವ್ಯಾನು ಬರುವುದಿಲ್ಲ, ನಾನು ತಪ್ಪು ಬರೆದೆ, ಗೊತ್ತಾದ ಮೇಲೂ ಸುಮ್ಮನಿದ್ದೆ, ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಸಿಂಬಿಯನ್ನು ತಲೆಯ ಮೇಲಿಟ್ಟು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು:

"ಹೇಳಿಬಿಟ್ಟೆಯಲ್ಲ, ನಿನ್ನ ಕೆಲಸ ಹೋಯಿತಾಮ್ಮಾ?"

"ಇಲ್ಲ, ಇದೆ."

"ಸದ್ಯ, ಒಬ್ಬರದಾದರೂ ಉಳಿಯಿತು" ಎಂದು ಬುಟ್ಟಿ ತಲೆಗೇರಿಸಿಕೊಂಡು ತಿರುವೊಟ್ಟಿಯೂರಿನ ರಸ್ತೆ ಹಿಡಿದಳು.