ಗಾಜಿನ ಮನೆಗೆ ಬಂದ ಉಪ್ಪುಗಾಳಿ

ಅನಿಕಾ, ತೇಜು, ನಿಮ್ಮ ಅಜ್ಜಿ ದೆವ್ವ ಭೂತ ನಂಬಿದವಳಲ್ಲ. ಕುಂದಾಪುರದ ಹತ್ತಿರದ ನಮ್ಮ ಕಡಲ ಬದಿಯ ಊರಿನಲ್ಲಿ ಯಾರಾದರೂ ಏನೋ ಕಂಡೆವು ಎಂದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ನಾಲ್ಕು ಜನರೆದುರು ಮಾತಾಡಲು ನಾಚುವ ನಾನು ಈ ಸಂಗತಿ ಹೇಳಿದಾಗ ನಿಮ್ಮಪ್ಪ, “ಅತ್ತೆ, ಬಿಪಿ ಮಾತ್ರೆ ತಗೊಂಡ್ರಾ?” ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ನಗುವವರು ನಗಲಿ.

ನಿಮ್ಮಜ್ಜ ಹೋದ ಮೇಲೆ ಲಂಡನ್ನಿನ ವೆಂಬ್ಲಿಯ ಫ್ಲ್ಯಾಟಿನಲ್ಲಿ ಹಗಲೆಲ್ಲ ಒಬ್ಬಳೇ ಕೂರುವುದು ಬೇಡವೆಂದು ನಿಮ್ಮಮ್ಮ ಸುಮನಾ ನನ್ನನ್ನು ತಾನು ಕೆಲಸ ಮಾಡುವ ತೋಟಕ್ಕೆ ಕರೆದೊಯ್ಯುತ್ತಿದ್ದಳು. ಮಹಾಸಾಗರದ ನಡುವಿನ ದ್ವೀಪಗಳಲ್ಲಿ ಅಳಿಯುತ್ತಿರುವ ಗಿಡಗಳನ್ನು ಅಲ್ಲಿ ಗಾಜಿನ ಮನೆಯೊಳಗೆ ಬೆಳೆಸಿ, ಮತ್ತೆ ಆ ದ್ವೀಪಗಳಿಗೇ ಕಳಿಸುತ್ತಾರೆ. ನಾನು ಕುಂಡ ತೊಳೆಯುತ್ತಿದ್ದೆ.

ಒಂದು ದ್ವೀಪದಲ್ಲಿ, ಹಿಂದೆ ಹಡಗಿನವರು ಬಿಟ್ಟುಹೋದ ಆಡುಗಳು ಒಂದು ಜಾತಿಯ ಗಿಡವನ್ನೆಲ್ಲ ಮೇಯ್ದು, ಕಡಲ ಮೇಲಿನ ಬಂಡೆಯ ಅಂಚಿನಲ್ಲಿ ಒಂದೇ ಒಂದು ಪೊದೆ ಉಳಿದಿತ್ತಂತೆ. ಅದರಿಂದ ತಂದು ನೆಟ್ಟ ಕಡ್ಡಿಗಳೆಲ್ಲ ಸತ್ತು, ಕೊನೆಯದೂ ಒಣಗಿತ್ತು. ಅದರ ಕೊಳೆರೋಗ ಬೇರೆ ಗಿಡಗಳಿಗೆ ಹತ್ತೀತೆಂದು ಸುಮನಾಳ ಮೇಲಿನವರು ಸಂಜೆಯೊಳಗೆ ಎಸೆಯಲು ಹೇಳಿದ್ದರು.

ಅಂದು ಮಧ್ಯಾಹ್ನ ಊಟದ ಹೊತ್ತು, ಗಾಜಿನ ಮನೆಯಲ್ಲಿ ನಾನೊಬ್ಬಳೇ. ಬಾಗಿಲು ಮುಚ್ಚಿತ್ತು, ಫ್ಯಾನ್ ನಿಂತಿತ್ತು. ಆ ಕಡ್ಡಿಯಲ್ಲಿದ್ದ ಒಣ ಎಲೆಗಳು ಮಾತ್ರ ಒಂದೇ ಕಡೆಗೆ ವಾಲಿ ನಡುಗತೊಡಗಿದವು. ಪಕ್ಕದ ಕುಂಡದ ಒಂದೆಲೆಯೂ ಅಲುಗಲಿಲ್ಲ. ಆಮೇಲೆ ಎಲ್ಲ ನಿಂತಿತು. ನಾನು ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಹಚ್ಚಿದೆ. ಕಡಲಿನಿಂದ ಜೋರು ಗಾಳಿ ಬೀಸಿದ ಮರುದಿನ ನನ್ನ ಅಮ್ಮ ದಾಸವಾಳದ ಎಲೆಯನ್ನು ಹೀಗೆಯೇ ನೋಡುತ್ತಿದ್ದಳು. ಉಪ್ಪಿದ್ದರೆ ಗಿಡಕ್ಕೆ ಸಿಹಿನೀರು ಹೊಯ್ದು ತೊಳೆಯುತ್ತಿದ್ದಳು. ಈ ಎಲೆಯಲ್ಲೂ ಉಪ್ಪಿತ್ತು. ನಮ್ಮ ಕಡಲಿನದೇ ಉಪ್ಪು.

ಸಂಜೆ ಸುಮನಾ ಕುಂಡ ಎತ್ತಲು ಬಂದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಮೇಲಿನವರೂ ಬಾಗಿಲಲ್ಲಿ ನಿಂತಿದ್ದರು.

“ಅಮ್ಮ, ಎಲ್ಲರ ಎದ್ರ್ ಹಠ ಮಾಡ್ಬೇಡ. ಅದ್ ಸತ್ತ್ ಹೋಯ್ತ್.”

“ಸತ್ತದ್ದ್ ಹೌದಾದ್ರೆ ನಾಳಿಗೂ ಸತ್ತೇ ಇರತ್ತ್. ನಾಳಿಗೆ ಬಿಸಾಡ್.”

ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ. ಎಲೆಯಲ್ಲಿ ಉಪ್ಪಿದೆ ಎಂದೆ; ಸುಮನಾ ತಾನೂ ನೆಕ್ಕಿ ನೋಡಿದಳು. ನಂತರ ಮೇಲಿನವರನ್ನು ಕೇಳಿ, ಕುಂಡವನ್ನು ಬೇರೆ ಗಿಡಗಳಿಂದ ದೂರ, ಒಂದು ಮೂಲೆಯಲ್ಲಿಟ್ಟಳು. ನಾನು ದಿನವೂ ಆ ಎಲೆಗಳಿಗೆ ಸಿಹಿನೀರು ಚಿಮುಕಿಸಿದೆ.

ಕೆಲವು ದಿನಗಳ ಮೇಲೆ ದ್ವೀಪದಿಂದ ಸುದ್ದಿ ಬಂತು. ಬಿರುಗಾಳಿಗೆ ಬಂಡೆ ಕುಸಿದು ಆ ಪೊದೆ ಕಡಲು ಸೇರಿತ್ತು. ಅದೂ ಇಲ್ಲಿ ಆ ಎಲೆಗಳು ನಡುಗಿದ ದಿನವೇ. ಅಷ್ಟರಲ್ಲಿ ನಮ್ಮ ಕಡ್ಡಿಯ ಬುಡದಲ್ಲಿ ಹಸಿರು ಮೊಳಕೆ ಕಾಣಿಸಿತ್ತು. ಈಗ ಅದರ ಮರಿಗಳು ಆ ದ್ವೀಪದಲ್ಲಿ ಬೇಲಿಯೊಳಗೆ ಬೆಳೆಯುತ್ತಿವೆ.

ಅದು ಗೊಬ್ಬರದ ಉಪ್ಪಿರಬೇಕು, ಮೊಳಕೆ ತಾನಾಗಿ ಬಂದದ್ದು ಎನ್ನುತ್ತಾಳೆ ಈಗ ಸುಮನಾ. ಇರಬಹುದು. ಆದರೆ ಗಾಳಿ? ನನಗೆ ಗೊತ್ತಿಲ್ಲ, ಗೊತ್ತಿಲ್ಲವೆಂದು ಕಂಡದ್ದನ್ನು ಕಾಣಲಿಲ್ಲ ಎನ್ನಲಾರೆ.

ಮಕ್ಕಳೇ, ನಿಮಗೆ ಕನ್ನಡ ಓದಲು ಬರುವವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಲು ನಿಮ್ಮಮ್ಮನಿಗೆ ಹೇಳಿದ್ದೇನೆ. ಹಾಳೆಗಳ ನಡುವೆ ಆ ಕಡ್ಡಿಯಿಂದ ಅಂದೇ ಉದುರಿದ ಒಂದೆಲೆ ಇದೆ, ಅದನ್ನು ನಾನು ತೊಳೆದಿಲ್ಲ. ಮೊದಲು ಅದನ್ನು ನೆಕ್ಕಿ ನೋಡಿ. ಆಮೇಲೆ ಬೇಕಾದರೆ ಅಜ್ಜಿಗೆ ಭ್ರಮೆ ಎನ್ನಿ.