ಚೆಲ್ಲಿಹೋದ ಕಟ್ಟು

ಯುಗಾದಿ ವಾರದ ಮಧ್ಯೆ ಬಂದರೂ ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಯುಗಾದಿ ಭಾನುವಾರವೇ. ರಜೆಯಿಲ್ಲ, ಏನು ಮಾಡುವುದು? ಆ ವರ್ಷ ಊಟಕ್ಕೆ ಮಾಂಟ್ ಕಿಯಾರಾದಿಂದ ಇವರ ಆಫೀಸಿನವರು ಸಂಸಾರಸಮೇತ ಬರುವವರಿದ್ದರು. "ಒಬ್ಬಟ್ಟು ಮಾಡ್ತಾಳೆ, ಬನ್ನಿ" ಎಂದು ಕರೆದವರು ನನ್ನ ಗಂಡ. ಬೆಳಗಿನಿಂದ ಒಲೆಯ ಮುಂದೆ ನಿಂತವಳು ನಾನು.

ನನಗೆ ಒಬ್ಬಟ್ಟಿನ ಮೇಲೆ ಅಂಥ ಆಸೆಯೇನೂ ಇಲ್ಲ. ತಟ್ಟಿ, ಬೇಯಿಸಿ, ಎಲ್ಲರಿಗೂ ಬಡಿಸುವಷ್ಟರಲ್ಲಿ ಅದರ ಮುಖ ನೋಡುವುದೂ ಬೇಡವಾಗಿರುತ್ತದೆ. ನಾನು ಕಾಯುವುದು ಒಬ್ಬಟ್ಟಿನ ಸಾರಿಗೆ. ಬೇಳೆ ಬೇಯಿಸಿ ಬಸಿದ ನೀರೇ ಕಟ್ಟು. ಅದಕ್ಕೆ ಒಂದು ಹಿಡಿ ಹೂರಣ, ಹುಣಸೆರಸ, ಸಾರಿನ ಪುಡಿ ಬಿದ್ದು ಚೆನ್ನಾಗಿ ಕುದಿಯಬೇಕು. ಬಂದವರೆಲ್ಲ ಹೋದ ಮೇಲೆ ಕಾಲು ಚಾಚಿ ಕೂತು, ಬಿಸಿ ಅನ್ನಕ್ಕೆ ಆ ಸಾರು ಸುರಿದುಕೊಂಡು ಉಣ್ಣುವುದೇ ನನ್ನ ಹಬ್ಬ. ವರ್ಷದಲ್ಲಿ ನನಗೆಂದು ನಾನು ಮಾಡಿಕೊಳ್ಳುವುದು ಅದೊಂದೇ.

ಬೆಂದ ಬೇಳೆಯನ್ನು ತೂತಿನ ಪಾತ್ರೆಗೆ ಸುರಿದು, ಕೆಳಗಿನ ಪಾತ್ರೆಗೆ ಕಟ್ಟು ಇಳಿಯಲು ಬಿಟ್ಟು ಸ್ನಾನಕ್ಕೆ ಹೊರಟೆ. ಹೋಗುವಾಗ ಬಾಯಿ ಸುಮ್ಮನಿರಲಿಲ್ಲ. "ರೀ, ಇವತ್ತಾದ್ರೂ ಸ್ವಲ್ಪ ಕೈ ಜೋಡಿಸಿ, ಪಾತ್ರೆನಾದ್ರೂ ತೊಳೀರಿ" ಎಂದೆ.

ಬಂದು ನೋಡಿದರೆ ಸಿಂಕ್ ಥಳಥಳ ಹೊಳೆಯುತ್ತಿತ್ತು.

"ಕಟ್ಟು ಎಲ್ರೀ?"

"ಯಾವ ಕಟ್ಟು?"

"ಬೇಳೆ ಕೆಳಗೆ ಇತ್ತಲ್ಲ, ಆ ನೀರು!"

"ಓ, ಆ ಗಲೀಜು ನೀರಾ? ಚೆಲ್ಲಿ, ಪಾತ್ರೆನೂ ತೊಳ್ದಿಟ್ಟೆ ನೋಡು" ಎಂದರು, ನಾನು ಹೊಗಳುತ್ತೇನೆಂದು ಕಾಯುತ್ತ.

"ಅದ್ರಲ್ಲೇ ಕಣ್ರೀ ಸಾರು ಮಾಡೋದು!"

"ಸಾರು ಸಾರಿನ ಪುಡೀಲಿ ಮಾಡೋದಲ್ವಾ?"

ಮದುವೆಯಾದಾಗಿನಿಂದ ಪ್ರತಿ ಯುಗಾದಿಗೂ ಆ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಸೊರ್ ಎಂದು ಕುಡಿದ ಮನುಷ್ಯನ ಮಾತು ಇದು! ಸೋಫಾದಲ್ಲಿದ್ದ ಮಗಳು ಮೊಬೈಲಿನಿಂದ ತಲೆಯೆತ್ತದೆ, "ಇಟ್ಸ್ ಜಸ್ಟ್ ವಾಟರ್, ಅಮ್ಮಾ. ಚಿಲ್ ಲಾ" ಎಂದಳು.

"ಅಷ್ಟಕ್ಕೆ ಯಾಕೆ ಕೂಗಾಡ್ತೀಯ? ಕೆಳಗೆ ಮಾಮಕ್ ಹೋಟೆಲ್ಲಲ್ಲಿ ದಾಲ್ ಇರುತ್ತೆ, ತಪಾವ್ ಮಾಡ್ಕೊಂಡ್ ಬರ್ಲಾ?" ಎಂದರು ಇವರು. ಪರೋಟದಂಥ ರೊಟ್ಟಿ ಚನಾಯ್‌ಗೆ ನೆಂಚಿಕೊಳ್ಳುವ ದಾಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಬಂದು ನನ್ನ ಹಬ್ಬ ಮಾಡಿಸುತ್ತಾರಂತೆ!

ಮತ್ತೆ ಬೇಳೆಗಿಡಲು ಹೊತ್ತಿರಲಿಲ್ಲ. ಟೊಮೇಟೊ ಸಾರು ಮಾಡಿದೆ. ಬಂದವರು ಒಬ್ಬಟ್ಟಿಗೆ ತುಪ್ಪ ಸುರಿಸಿಕೊಂಡು ತಿಂದು, "ಮೇಡಂ, ಸೂಪರ್" ಎಂದರು. ನಾನು ಹಲ್ಲು ಕಿರಿದೆ. ಅವರು ಹೋದದ್ದೇ ತಡ, ಊಟ ಮಾಡದೆ ಕೋಣೆಗೆ ಹೋಗಿ ಮಲಗಿಬಿಟ್ಟೆ. ನೀರಿಗಾಗಿ ಅಳುತ್ತಿದ್ದೇನಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಇವರು ಬೆವರುತ್ತ, ಎರಡೂ ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದರು.

"ತಗೋ, ನಿನ್ನ ಕಟ್ಟು."

"ಬೇಳೆ ಎಲ್ಲಿ?"

"ಬಿಸಾಕ್ದೆ. ನಿನಗೆ ನೀರು ತಾನೇ ಬೇಕಾಗಿದ್ದಿದ್ದು?"

ಎದ್ದು ಹೋಗಿ ನೋಡಿದೆ. ಬ್ರಿಕ್‌ಫೀಲ್ಡ್ಸ್‌ನ ಇಂಡಿಯನ್ ಅಂಗಡಿಯಿಂದ ಹೊತ್ತು ತಂದಿದ್ದ ತೊಗರಿಬೇಳೆ ಹದವಾಗಿ ಬೆಂದು ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಬೈಯಬೇಕೆಂದು ಇವರತ್ತ ತಿರುಗಿದೆ. ಆದರೆ ಈ ಮನುಷ್ಯ ನನಗೋಸ್ಕರವೆಂದು ಒಲೆ ಹಚ್ಚಿದ್ದು ಅದೇ ಮೊದಲು. ಇನ್ನು ಬೈಯುವುದಾದರೂ ಹೇಗೆ? ಬೈಯಲಾಗದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.