ಬಾಗಿಲಿಗೆ ಬೆನ್ನು ಮಾಡಿ ಕೂತ ಫಕೀರಪ್ಪ ಕಾಕಾ

ಮನೆ ಮಾರಿಸುವ ದಲ್ಲಾಳಿಗಳು ಮನೆ ತೋರಿಸುವಾಗ ಗಿರಾಕಿಗಿಂತ ಮುಂದೆ ಓಡುತ್ತಾರೆ. ಅಡಿಗಿಮನಿ ನೋಡ್ರಿ, ಹಿತ್ತಲ ನೋಡ್ರಿ, ಗಾಳಿ ಹ್ಯಾಂಗ ಬೀಸತೈತಿ ನೋಡ್ರಿ ಎಂದು ಇಲ್ಲದ ಗಾಳಿಯನ್ನೂ ತೋರಿಸುತ್ತಾರೆ. ಫಕೀರಪ್ಪ ಕಾಕಾನ ರೀತಿಯೇ ಬೇರೆ ಇತ್ತು. ಗಿರಾಕಿಯನ್ನು ಹೊಸ್ತಿಲ ತನಕ ಕರೆತಂದು, "ಹೋಗ್ರಿ, ನೋಡ್ಕೊಂಡ ಬರ್ರಿ" ಎಂದು ಹೇಳಿ, ತಾವು ಹೊರಗಿನ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ, ಓಣಿಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಒಳಗೆ ಏನೇ ಮಾತು ನಡೆಯಲಿ, ತಿರುಗಿ ನೋಡುತ್ತಿರಲಿಲ್ಲ.

ಯಾಕೆ ಎಂದು ಒಮ್ಮೆ ಕೇಳಿದ್ದೆ. "ನಾ ಒಳಗ ಬಂದ್ರ ತಗೊಳ್ಳಾವರು ನನ್ನ ಮಾರಿ ನೋಡ್ತಾರ, ಮನಿ ನೋಡಂಗಿಲ್ಲ. ಕೊಡಾವರೂ ನನ್ನ ಮಾರೀನ ನೋಡ್ತಾರ, ಇಂವ ಎಲ್ಲಿ ಬಾಯಿ ಬಿಡ್ತಾನೋ ಅಂತ. ಎಲ್ಲಾರಿಗೂ ಯಾಕ ಬೇಕು ಆ ತ್ರಾಸ" ಅಂದಿದ್ದರು.

ಶಿರಹಟ್ಟಿಯವರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಟವೆಲ್ಲು, ಏರು ಬಂದರೆ ಇಳಿದು ತಳ್ಳಬೇಕಾದಂಥ ಒಂದು ಹಳೆಯ ಮೊಪೆಡ್. ಲಕ್ಷ್ಮೇಶ್ವರದಿಂದ ಮುಂಡರಗಿಯ ತನಕ ಅವರು ಮಾರಿಸಿದ ಮನೆಗಳಿದ್ದವು. ಮಾರುವ ಮನೆಯಲ್ಲಿ ಚಹಾ ಕುಡಿಯುವುದಿಲ್ಲ ಎಂಬುದು ಅವರ ಇನ್ನೊಂದು ನೇಮ. "ನಿಮ್ಮ ಚಹಾ ಕುಡದ ಮ್ಯಾಲ ಅವರಿಗೆ ಖರೆ ಹೇಳಾಕ ನಾಲಗಿ ಏಳಂಗಿಲ್ರಿ. ಅವರ ಚಹಾ ಕುಡದ್ರ ನಿಮಗ ಹೇಳಾಕ ಏಳಂಗಿಲ್ಲ. ಕೀಲಿಕೈ ಕೈ ಬದಲಾಗ್ಲಿ, ಆಮ್ಯಾಲ ಎರಡೂ ಮನ್ಯಾಗ ಕುಡೀತೀನಿ."

ಬೆಟಗೇರಿಯ ನಮ್ಮ ಮನೆಯನ್ನು ಅವರಿಗೆ ಒಪ್ಪಿಸಿದ್ದು ಅಪ್ಪ ತೀರಿಕೊಂಡ ವರ್ಷ. ಅಪ್ಪ ನೇಕಾರ. ಪಡಸಾಲೆಯಲ್ಲಿ ಅವನ ಮಗ್ಗದ ಕುಣಿ ಇತ್ತು. ನೇಯುವಾಗ ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಆ ಕುಣಿಯಲ್ಲಿ ಮಳೆಗಾಲಕ್ಕೆ ನೀರು ಜಿನುಗುತ್ತಿತ್ತು, ಹಿಂದಿನ ಗೋಡೆ ಹಸಿಯಾಗಿ ಉಬ್ಬುತ್ತಿತ್ತು. ಅಕ್ಕಂದಿರಿಬ್ಬರೂ ಮದುವೆಯಾಗಿ ಹೋಗಿದ್ದರು. ಉಳಿದವರು ಅವ್ವ ಮತ್ತು ನಾನು. ನಾನು ಪಾಠ ಹೇಳುವ ಶಾಲೆ ಮಲ್ಲಸಮುದ್ರದ ಕಡೆ. ಅಲ್ಲೇ ಒಂದು ಸಣ್ಣ ಹೊಸ ಮನೆ ನೋಡಿದ್ದೆವು, ಅದರ ಮಾಲೀಕರು ಕೆಲವು ತಿಂಗಳು ಕಾಯಲು ಒಪ್ಪಿದ್ದರು. ಅಷ್ಟರೊಳಗೆ ಹಳೆಯದು ಹೋಗಬೇಕು, ಇಲ್ಲದಿದ್ದರೆ ಹೊಸದು ಕೈತಪ್ಪುತ್ತದೆ.

ಆದರೆ ಅವ್ವನಿಗೆ ನಾಚಿಕೆ. ಗಂಡ ಸತ್ತು ವರ್ಷ ತುಂಬಿಲ್ಲ, ಆಗಲೇ ಮನೆ ಮಾರಲು ನಿಂತಳು ಎಂದು ಓಣಿ ಆಡಿಕೊಳ್ಳುತ್ತದೆ ಎಂಬ ಒಂದೇ ಹೆದರಿಕೆ ಅವಳನ್ನು ತಿನ್ನುತ್ತಿತ್ತು. ಕಾಕಾ ಮೊದಲ ದಿನ ಮನೆಯನ್ನೆಲ್ಲ ಸುತ್ತಿ, ಗೋಡೆ ಬಡಿದು, ಕುಣಿಯಲ್ಲಿ ಇಳಿದು, ಇದ್ದಬದ್ದ ಕೊರತೆಯನ್ನೆಲ್ಲ ನಮ್ಮೆದುರೇ ಹೇಳಿದಾಗ ಅವ್ವ ನನ್ನ ಕಿವಿಯಲ್ಲಿ, "ಇಂವ ಮನಿ ಮಾರಸಾಕ ಬಂದಾನೋ ಹಳಿಯಾಕ ಬಂದಾನೋ?" ಎಂದು ಉರಿದುಬಿದ್ದಳು. ಆಮೇಲೆ ಅವರ ಕೈಯನ್ನು ಅಪ್ಪನ ಮಗ್ಗದ ಮೇಲೆ ಇರಿಸಿ ಮಾತು ತೆಗೆದುಕೊಂಡಳು.

"ವರ್ಷದ ಕಾರ್ಯ ಮುಗಿಯೂ ಮಟಾ ಓಣ್ಯಾಗ ಒಂದು ನರಪಿಳ್ಳಿಗೂ ಗೊತ್ತಾಗಬಾರದು ಅಣ್ಣಾರ."

"ಗೊತ್ತಾಗಂಗಿಲ್ರಿ ಅಕ್ಕಾರ. ಮಾತ ಕೊಟ್ಟೆ. ನಮ್ಮ ಧಂದ್ಯಾಗ ಬಂಡವಾಳ ಅಂದ್ರ ಅದೊಂದ."

ಬೋರ್ಡಿಲ್ಲ, ಜಾಹೀರಾತಿಲ್ಲ. ಗಿರಾಕಿಗಳನ್ನು ಕಾಕಾ ನೆಂಟರ ಹಾಗೆ ಕರೆತರತೊಡಗಿದರು. ಗಂಡ, ಹೆಂಡತಿ, ಒಬ್ಬ ಹಿರಿಯರು, ಕೆಲವೊಮ್ಮೆ ಇಸ್ತ್ರಿ ಅಂಗಿಯ ಒಬ್ಬ ಮಗ. ಅವ್ವ ಒಗೆದ ಸೀರೆ ಉಟ್ಟು ಉಪ್ಪಿಟ್ಟು ಮಾಡುತ್ತಿದ್ದಳು, ನಾನು ನೀರು ಕೊಡುತ್ತಿದ್ದೆ. ಅವರು ಬರುವ ಮೊದಲು ಅವ್ವ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಮೇಲೊಂದು ಜಮಖಾನೆ ಹಾಸುವಳು. ಬಂದವರು ಅದರ ಮೇಲೆ ಕೂತು, ಮನೆ ಚಲೋ ಐತಿ ಎಂದು ಇನ್ನೇನು ಹೇಳಬೇಕು, ಅಷ್ಟರಲ್ಲಿ ಹೊರಗಿನಿಂದ, ತಿರುಗದೆಯೇ, ಕಾಕಾನ ದನಿ ಬರುತ್ತಿತ್ತು: "ಜಮಖಾನಿ ಎತ್ತಿ ನೋಡ್ರಿ!"

ಅವ್ವನ ಮುಖ ನೋಡುವ ಹಾಗಿರುತ್ತಿರಲಿಲ್ಲ. ಮುಂದಿನ ಸಲ ಜಮಖಾನೆಯನ್ನು ಹಸಿಗೋಡೆಗೆ ಒಣಹಾಕಿದವಳ ಹಾಗೆ ಇಳಿಬಿಟ್ಟಳು. ಕಟ್ಟೆಯಿಂದ, "ಅಕ್ಕಾರ, ಇವತ್ತ ಗ್ವಾಡಿಗೆ ಹಾಕೀರೇನು? ಅಲ್ಲೂ ಎತ್ತಿ ನೋಡ್ರಿ" ಎಂದು ಕೇಳಿಸಿತು. ಬೆನ್ನಿಗೆ ಕಣ್ಣಿದ್ದವೋ ಏನೋ. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದ್ದೆ. ಬಂದವರು ಉಪ್ಪಿಟ್ಟು ತಿಂದು, ವಿಚಾರ ಮಾಡಿ ತಿಳಸ್ತೀವಿ ಎಂದು ಹೇಳಿ ಹೋಗುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ.

ಆ ನಗು ಬಹಳ ದಿನ ಉಳಿಯಲಿಲ್ಲ. ನಮ್ಮ ಕಡೆ ತಂದೆ ತಾಯಿ ಹೋದರೆ ವರ್ಷದೊಳಗೇ ಮಗಳ ಮದುವೆ ಮುಗಿಸುವ ರೂಢಿ. ತಪ್ಪಿದರೆ ಮೂರು ವರ್ಷ ತಡೆಯಬೇಕು. ಅಪ್ಪ ಹೋದ ವರ್ಷವೇ, ಮದುವೆಯಾಗದ ಮಗಳಿರುವ ಮನೆಗೆ, ಒಗೆದ ಬಟ್ಟೆ ಹಾಕಿಕೊಂಡ ಜನ ಮೇಲಿಂದ ಮೇಲೆ ಬಂದು ಉಪ್ಪಿಟ್ಟು ತಿಂದು ಹೋದರೆ ಓಣಿ ಏನು ತಿಳಿಯಬೇಕು? ಹುಡುಗಿ ನೋಡಲು ಬರುತ್ತಿದ್ದಾರೆ, ನೋಡಿದವರೆಲ್ಲ ಒಲ್ಲೆ ಎಂದು ಹೋಗುತ್ತಿದ್ದಾರೆ. ಕಟ್ಟೆಯ ಮೇಲೆ ಕೂತ ಬಿಳಿ ಟೊಪ್ಪಿಗೆಯವರು ಮದುವೆ ಕುದುರಿಸುವ ಹಿರಿಯರು.

ಮೊದಲು ಪಕ್ಕದ ಮನೆಯ ನೀಲವ್ವ ನನ್ನನ್ನು ಕೇಳಿದಳು, "ಏನಂದ್ರವಾ ಗಿರಿಜಾ, ಮೊನ್ನಿ ಬಂದವರು?" ಆಮೇಲೆ ಕಿರಾಣಿ ಅಂಗಡಿಯಲ್ಲಿ ಕೇಳಿದರು. ಆಮೇಲೆ ಯಾರೂ ಕೇಳಲಿಲ್ಲ, ಸುಮ್ಮನೆ ನನ್ನ ಕಡೆ ಮರುಕದಿಂದ ನೋಡಿದರು. ಅದು ಕೇಳುವುದಕ್ಕಿಂತ ಕೆಟ್ಟದ್ದು. ನಾನು ಗಿಡ್ಡಿ, ವಯಸ್ಸು ಮೂವತ್ತರ ಹತ್ತಿರ, ಇದು ನನಗೂ ಗೊತ್ತು. ಆದರೆ ಯಾರೂ ಕೇಳದೇ ಇದ್ದ ಪ್ರಶ್ನೆಗೆ ಇಷ್ಟು ಸಲ ನಪಾಸಾಗುವುದೆಂದರೆ ಏನು? ಶಾಲೆಗೆ ಹೋಗುವಾಗ ತಲೆ ತಗ್ಗಿಸಿ ಓಣಿ ದಾಟುವುದು ರೂಢಿಯಾಯಿತು.

ಅವ್ವನಿಗೆ ಹೇಳಿದೆ. ಎರಡು ದಿನ ಬಿಟ್ಟು ನೀಲವ್ವನ ಹತ್ತಿರ, "ಕುಂಡಲಿ ಕೂಡವಲ್ಲದು ನೋಡವಾ" ಎಂದು ತಾನೇ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಲಕ್ಷ್ಮೇಶ್ವರದ ಒಂದು ಕುಟುಂಬ ಬಂದ ದಿನ ಓಣಿಯ ಈ ಮಾತು ಕಾಕಾನ ಕಿವಿಗೂ ಬಿತ್ತು. ಮನೆ ನೋಡಿ ಹೊರಬಂದ ಅವರ ಮುದುಕಿಯ ಕೈಯನ್ನು ನೀಲವ್ವ ಓಣಿಯಲ್ಲೇ ಹಿಡಿದುಕೊಂಡಳು. "ಹುಡುಗಿ ಬಂಗಾರ ಐತ್ರಿ. ಸಾಲಿ ಕಲಸ್ತಾಳ. ಭಾಳ ಮಂದಿ ಒಲ್ಲೆಂದು ಹೋಗ್ಯಾರ, ನೀವರ ಒಪ್ಕೊಳ್ರಿ, ನಿಮಗ ಪುಣ್ಯ ಬರ್ತೈತಿ" ಎಂದು ಕಣ್ಣಲ್ಲಿ ನೀರು ತಂದುಕೊಂಡು ಬೇಡಿದಳು. ಮುದುಕಿ ಕಕ್ಕಾಬಿಕ್ಕಿಯಾಗಿ ಫಕೀರಪ್ಪ ಕಾಕಾನ ಕಡೆ ನೋಡಿದರು. ಮಾತು ಕೊಟ್ಟ ಮನುಷ್ಯ, ಏನು ಹೇಳಬೇಕು? "ಆತವಾ, ಹೇಳ್ತೀನಿ" ಎಂದಷ್ಟೇ ಹೇಳಿ ಗಿರಾಕಿಗಳನ್ನು ಕಳಿಸಿದರು. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದೆ. ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಮೊದಲ ದಿನದ ನಂತರ ಕಾಕಾ ಹೊಸ್ತಿಲು ದಾಟಿದ್ದು ಅವತ್ತೇ. ಅವ್ವನನ್ನು ಬಿಟ್ಟು ನನ್ನನ್ನು ಕೇಳಿದರು. "ತಂಗಿ, ಓಣ್ಯಾಗ ಹಿಂಗ ಮಾತಾಡ್ತಾರಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ ಕಾಕಾ."

"ಅಕ್ಕಾರ, ನಿಮಗ?"

ಅವ್ವ ಸೆರಗಿನ ತುದಿ ಸುತ್ತುತ್ತ, "ಅಂದ್ರ ಅಂತಾರ ಬಿಡ್ರಿ. ಹುಡಿಗಿ ನೋಡಾಕ ಬರ್ತಾರಂದ್ರ ಮರ್ಯಾದಿ ಹೋಗಂಗಿಲ್ಲ. ಗಂಡ ಸತ್ತ ವರ್ಷದಾಗ ಮನಿ ಮಾರ್ತಾಳಂದ್ರ ಹೋಗತೈತಿ" ಅಂದಳು.

ಹೆತ್ತ ತಾಯಿಯ ಬಾಯಿಂದ ಇದನ್ನು ಒಬ್ಬ ಹೊರಗಿನವರೆದುರು ಕೇಳುವಾಗ ಅವಳ ಪಾಲಿನ ನಾಚಿಕೆಯೂ ನನಗೇ ಬಂದು ಕೂತಿತು. ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಕ್ಕಾರ, ನಾ ಕೊಟ್ಟ ಮಾತ ನನಗ ವಾಪಸ್ ಕೊಟ್ಟಬಿಡ್ರಿ."

"ಕೊಡಂಗಿಲ್ಲ" ಅಂದಳು ಅವ್ವ.

ನಮ್ಮಲ್ಲಿ ನಳಕ್ಕೆ ನೀರು ಬರುವುದೇ ಅಪರೂಪ. ಬಂದ ದಿನ ಕೊಡ, ಬಕೆಟ್ಟು, ಡ್ರಮ್ಮು ಎಲ್ಲ ಹಿಡಿದುಕೊಂಡು ಇಡೀ ಓಣಿಯೇ ಹೊರಗಿರುತ್ತದೆ. ಅಂಥ ಒಂದು ಮುಂಜಾನೆ ಕಾಕಾನ ಮೊಪೆಡ್ಡು ಬಂದು ನಿಂತಿತು. ನಮ್ಮ ಕಟ್ಟೆ ಹತ್ತಿ, ಓಣಿಯ ಕಡೆ ಮುಖ ಮಾಡಿ, ಈ ಸಲ ನಿಂತೇ ಮಾತಾಡಿದರು.

"ಎಲ್ಲಾರೂ ಕೇಳ್ರಿ. ನಾ ಮನಿ ದಲಾಲ. ಈ ಮನಿ ಮಾರಾಟಕ್ಕೈತಿ. ಇಷ್ಟದಿನ ಬಂದವರೆಲ್ಲಾ ಮನಿ ನೋಡಾಕ ಬಂದವರು. ಈ ಹುಡಿಗಿನ್ನ ಯಾರೂ ನೋಡಾಕ ಬಂದಿಲ್ಲ, ಯಾರೂ ಒಲ್ಲೆ ಅಂದಿಲ್ಲ. ಒಲ್ಲೆ ಅಂದದ್ದು ಹಸಿ ಗ್ವಾಡಿನ್ನ."

ಅವ್ವ ಕೊಡ ಅಲ್ಲೇ ಕುಕ್ಕಿ ಬಂದಳು. ಬಂದವಳು ಏನೇನು ಅಂದಳೆಂದು ಬರೆಯಲು ಈಗಲೂ ಕೈ ಬರುವುದಿಲ್ಲ. "ಮಾತಿಗೆ ತಪ್ಪಿದ ಬಾಯಿಗೆ ಹುಳ ಬೀಳ್ಲಿ" ಎನ್ನುವುದು ಅದರಲ್ಲಿ ಸೌಮ್ಯವಾದದ್ದು. ಸಾಕು ಮಾಡವಾ ಎಂದು ನಾನು ಅವಳ ತೋಳು ಎಳೆದೆ, ಕೊಡವಿಕೊಂಡಳು. ಕಾಕಾ ಎಲ್ಲವನ್ನೂ ತಲೆ ಬಗ್ಗಿಸಿ ಕೇಳಿಸಿಕೊಂಡರು.

"ಖರೆ ಐತ್ರಿ ಅಕ್ಕಾರ. ತಪ್ಪೀನಿ. ಮಾತ ತಪ್ಪಿದ ದಲಾಲನ ಕೈಲೆ ಮನಿ ಮಾರಸಬ್ಯಾಡ್ರಿ" ಎಂದು ಹೇಳಿ ಮೊಪೆಡ್ಡು ತಳ್ಳಿಕೊಂಡು ಹೋದರು. ಅವತ್ತು ಅದು ಚಾಲೂ ಕೂಡ ಆಗಲಿಲ್ಲ. ಓಣಿಯ ಕೊನೆಯ ತನಕ ಎಲ್ಲರೂ ನೋಡುತ್ತಲೇ ಇದ್ದರು.

ಅವ್ವ ಎರಡು ದಿನ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ನೀಲವ್ವ ಬಂದು, "ನನ್ನ ಬಾಯಾಗ ಮಣ್ಣ ಬೀಳ್ಲಿ, ಹುಡಿಗಿಗೆ ಏನೇನ ಅಂದ್ನೆವಾ" ಎಂದು ನನ್ನ ಗಲ್ಲ ಹಿಡಿದು ಅತ್ತಳು. ಆಮೇಲೆ ದನಿ ತಗ್ಗಿಸಿ, "ಮನಿ ಕೊಡೂದಿದ್ರ ನಮಗ ಒಂದ ಮಾತ ಹೇಳಬಾರದೇನು?" ಎಂದು ಕೇಳಿದಳು. ಅವಳ ಮೈದುನನಿಗೆ ಜಾಗ ಸಾಲುತ್ತಿರಲಿಲ್ಲ. ಸಣ್ಣವನಿದ್ದಾಗ ಮಳೆಗಾಲದಲ್ಲಿ ನಮ್ಮ ಮಗ್ಗದ ಕುಣಿಯಲ್ಲಿ ಕಾಗದದ ದೋಣಿ ಬಿಟ್ಟು ಅಪ್ಪನಿಂದ ಬೈಸಿಕೊಂಡವನು ಅವನು. ಅವನಿಗೆ ಯಾವ ಜಮಖಾನೆಯನ್ನೂ ಎತ್ತಿ ತೋರಿಸುವ ಅಗತ್ಯವಿರಲಿಲ್ಲ. ವರ್ಷ ತುಂಬುವ ಮೊದಲೇ ಮನೆ ಅವನ ಹೆಸರಿಗಾಯಿತು. ಗಂಡ ಸತ್ತ ವರ್ಷದಲ್ಲೇ ಮಾರಿದಳೆಂದು ಓಣಿಯಲ್ಲಿ ಒಬ್ಬರೂ ಅನ್ನಲಿಲ್ಲ. ಸಾಮಾನು ಹೇರುವಾಗ ಎಲ್ಲರೂ ಬಂದು ಕೈಹಚ್ಚಿದರು.

ಮಲ್ಲಸಮುದ್ರದ ಮನೆಗೆ ಬಂದಮೇಲೆ ಅವ್ವ ಆ ಜಮಖಾನೆಯನ್ನು ಹಾಸಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ವರ್ಷದ ಕಾರ್ಯ ಮುಗಿದ ಮರುವಾರ ತಾನಾಗಿಯೇ, "ಆ ಮನಷ್ಯಾಗ ಎಂಥಾ ಮಾತ ಅಂದ್ನೆವಾ. ನಡಿ, ಹೋಗಿ ತಪ್ಪಾತು ಅಂತ ಹೇಳಿ ಬರೂಣು" ಅಂದಳು. ಶಿರಹಟ್ಟಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಕಾಕಾ ಮನೆಯ ಮುಂದೆಯೇ ಇದ್ದರು, ಮೈಯಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವ್ವನನ್ನು ನೋಡಿದ್ದೇ ಗೋಡೆ ಹಿಡಿದು ಎದ್ದು ನಿಂತು, ಟೊಪ್ಪಿಗೆ ತೆಗೆದು ಕೈ ಮುಗಿದರು.

"ಮಾತ ತಪ್ಪಿದೆ ಅಕ್ಕಾರ. ಹೊಟ್ಟ್ಯಾಗ ಹಾಕ್ಕೊಳ್ರಿ."

ಅವ್ವ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಅಲ್ಲೇ ಸತ್ತುಹೋಯಿತು. ಅವರೇ ಮೊದಲು ಕೈ ಮುಗಿದಮೇಲೆ ಇವಳು ಏನು ಮಾಡಬೇಕು? ಉಳಿದದ್ದು ತಿಳಿದದ್ದು ಅವರ ಹೆಂಡತಿಯಿಂದ. ನಮ್ಮ ಓಣಿಯಿಂದ ಬಂದ ದಿನವೇ ಕಾಕಾ ಧಂದೆ ಬಿಟ್ಟಿದ್ದರು. "ಇನ್ನ ಯಾವ ಬಾಯಿಲೆ ಮಂದಿ ಮನೀಗೆ ಹೋಗ್ಲಿ ಅಂತಿದ್ರು. ಮೊಪೆಡ್ನೂ ಕೊಟ್ಟಬಿಟ್ರು" ಅಂದರು ಆಕೆ. ನನ್ನ ತಲೆ ಎತ್ತಿಸಿದ ಮನುಷ್ಯ ಅದೇ ಕಾರಣಕ್ಕೆ ಇಷ್ಟು ದಿನ ತಲೆ ತಗ್ಗಿಸಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಕಾಕಾ, ನೀವು ಅವತ್ತ ಹೇಳಿದ್ದಕ್ಕ ನಾ ಓಣ್ಯಾಗ ತಲಿ ಎತ್ತಿ ಅಡ್ಡಾಡಿದೆ" ಅಂದೆ. "ಅದು ಖರೆ ಇರಬಹುದವಾ ತಂಗಿ. ಮಾತ ತಪ್ಪಿದ್ದೂ ಖರೇನ ಅಲ್ಲೇನು" ಅಂದರು.

ಆಕೆ ಚಹಾ ತಂದರು. ಅವ್ವ ಕಪ್ಪು ಮುಟ್ಟಲಿಲ್ಲ. ಕೊನೆಗೆ ಅವಳಿಂದ ಹೊರಟ ಮಾತು ಇಷ್ಟೇ: "ಮೊದಲ ನೀವು ನಮ್ಮ ಮನೀಗೆ ಬಂದು ಕುಡೀರಿ ಅಣ್ಣಾರ. ಆಮ್ಯಾಲ ನಾ ಇಲ್ಲಿ ಕುಡೀತೀನಿ."

ಕಾಕಾ ನಕ್ಕರು. "ಬರ್ತೀನ್ರಿ. ಆ ಹೊಸಾ ಮನಿ ಮಾರೂದಿಲ್ಲಲ್ಲ?"

ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಅವ್ವ ಮನೆಯಲ್ಲಿ ಹಾಲು ತಪ್ಪದ ಹಾಗೆ ನೋಡಿಕೊಂಡಳು. ಬಂದದ್ದು ಅವರು ತೀರಿಹೋದ ಖಬರು.

ಶಿರಹಟ್ಟಿಗೆ ಹೋದಾಗ ಮನೆ ತುಂಬ ಜನ. ನಾನು ಒಳಗೆ ಹೋದೆ. ತಿರುಗಿ ನೋಡಿದರೆ ಅವ್ವ ಇಲ್ಲ. ಹೊರಗೆ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ, ಓಣಿಯ ಕಡೆ ಮುಖ ಮಾಡಿ ಕೂತಿದ್ದಳು.

"ಒಳಗ ಬಾರವಾ."

"ಯಾವ ಮಾರಿ ಇಟಗೊಂಡು ಬರ್ಲಿ?"

ಪಕ್ಕದಲ್ಲಿ ಕೂತಿದ್ದ, ಗುರುತಿಲ್ಲದ ಒಬ್ಬ ಹಿರಿಯರು, "ನೀವು ಯಾರ ಪೈಕಿ ಆದ್ರಿ ತಾಯಿ?" ಎಂದು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು, ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದಳು.

"ನಾವು ಬೆಟಗೇರಿಯವರ್ರಿ. ಗಂಡ ಸತ್ತ ವರ್ಷದಾಗ ಮನಿ ಮಾರಿದವರು. ಇವರು ನಮ್ಮ ದಲಾಲರು."

ಹಿರಿಯರು ಹೌದೆಂಬಂತೆ ತಲೆಯಾಡಿಸಿ, ಸ್ವಲ್ಪ ಆಚೆ ಸರಿದು, ಅವಳಿಗೆ ಸರಿಯಾಗಿ ಕೂರಲು ಇನ್ನಷ್ಟು ಜಾಗ ಮಾಡಿಕೊಟ್ಟರು.